ಬ್ಲೇಡಿನ ನಡುಕ ಎಣಿಸಿದ ಮಳೆಗಾಲ

ಹೋದ ತಿಂಗಳು ಹೆಡತಲೆಯಲ್ಲಿರುವ ನನ್ನ ನಾದಿನಿಯ ಮನೆಗೆ ಹೋಗಿದ್ದೆ. ಹೊಸ ಹುಳು ತರುವ ಮುಂಚೆ ಹುಳುಮನೆಯನ್ನು ತೊಳೆದು, ಸುಣ್ಣದ ಪುಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ನೆಲಕ್ಕೆಲ್ಲ ಎರಚಿದ್ದರು. ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ಬಾ ಅಂದಳು. ನಾನು ಹೊಸಿಲ ಮೇಲೆ ನಿಂತೇ ಇದ್ದೆ. ರೇಷ್ಮೆ ಹುಳು ಸಾಕಿದವಳು ನಾನಲ್ಲ. ಆದರೂ ಮೂರು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ಅಂಥದೇ ಒಂದು ಹುಳುಮನೆಯಲ್ಲಿ, ಅದೇ ವಾಸನೆಯಲ್ಲಿ ಕೂತು, ಇಂಜಿನ್ನಿನ ಬ್ಲೇಡುಗಳು ಎಷ್ಟು ಹೊತ್ತು ನಡುಗುತ್ತವೆ ಎಂದು ಎಣಿಸಿದ್ದೇನೆ.

ಕೇಳಿದವರಿಗೆ ಇದು ಹೊಂದದ ಮಾತು ಅನ್ನಿಸುತ್ತದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿವಮಲ್ಲಪ್ಪನವರದೊಂದು ಸಣ್ಣ ವರ್ಕ್‌ಶಾಪು. ಸವೆದುಹೋದ ಲೋಹದ ಮೇಲೆ ಗಟ್ಟಿ ಲೇಪ ಹಾಕಿಕೊಡುವುದು ಅಲ್ಲಿಯ ಕೆಲಸ. ಅಕ್ಕಿ ಗಿರಣಿಯ ಶಾಫ್ಟು, ಪೇಪರ್ ಮಿಲ್ಲಿನ ರೋಲರು, ಪಂಪಿನ ಬಿಡಿಭಾಗ, ಇಂಥವು ಬರುತ್ತಿದ್ದವು. ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಗನ್ನಿನಿಂದ ಹೊಡೆದು ಕೂರಿಸುವವರು ಮಾದಯ್ಯಣ್ಣ. ಆಗ ಅವರಿಗೆ ಐವತ್ತೇಳೋ ಐವತ್ತೆಂಟೋ. ಮೂವತ್ತು ವರ್ಷದಿಂದ ಆ ಗನ್ನು ಹಿಡಿದ ಕೈ. ಅವರು ಹೊಡೆದ ಲೇಪದ ಮೇಲೆ ಉಗುರು ಎಳೆದರೆ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತಿತ್ತು. ನಾನು ಇನ್‌ಸ್ಪೆಕ್ಷನ್ ಟೇಬಲಿನವಳು. ದಪ್ಪ ಅಳೆಯುವುದು, ಬರೆಯುವುದು, ಸಹಿ ಹಾಕುವುದು. ಬರೆಯುವುದು ನನಗೆ ಸ್ವಭಾವವೇ ಆಗಿಹೋಗಿತ್ತು. ಬೆಳಗಿನ ಹವೆ ಹೇಗಿತ್ತು, ಯಾವ ಡಬ್ಬಿಯ ಪುಡಿ, ಕರೆಂಟು ಎಷ್ಟು ಸಲ ಹೋಯಿತು, ಎಲ್ಲ ನೋಟ್‌ಬುಕ್ಕಿಗೆ ಹೋಗಬೇಕು. "ಸುಸೀಲವ್ವ, ನಾ ಎಷ್ಟ್ ಸಲ ಕೆಮ್ದೆ ಅಂತಾನೂ ಬರ್ಕೊಂಡಿದ್ದೀಯಾ?" ಎಂದು ಮಾದಯ್ಯಣ್ಣ ಗೇಲಿ ಮಾಡುತ್ತಿದ್ದರು.

ಆ ವರ್ಷ ಕೆಲಸ ಕಡಿಮೆಯಾಗುತ್ತಾ ಬಂದಿತ್ತು. ಹಳೆಯ ಶಾಫ್ಟಿಗೆ ಲೇಪ ಹಾಕಿಸುವುದರ ಬದಲು ಜನ ಹೊಸದನ್ನೇ ಕೊಂಡು ಹಾಕುತ್ತಿದ್ದರು. ಆಷಾಢ ಹಿಡಿಯುವ ಹೊತ್ತಿಗೆ ಗನ್ನು ವಾರದಲ್ಲಿ ಎರಡು ದಿನ ಮಾತ್ರ ಉರಿಯುತ್ತಿತ್ತು. ದೀಪಾವಳಿಯ ತನಕ ನೋಡೋಣ, ಆಮೇಲೆ ಗನ್ನಿನ ಬೂತು, ಎಂದರೆ ಲೇಪ ಹೊಡೆಯುವ ಕೋಣೆ, ಮುಚ್ಚಿ ಬರೀ ಲೇತ್ ಕೆಲಸ ಇಟ್ಟುಕೊಳ್ಳೋಣ ಎಂದು ಶಿವಮಲ್ಲಪ್ಪನವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬೂತು ಮುಚ್ಚಿದರೆ ಮಾದಯ್ಯಣ್ಣನಿಗೆ ಅಲ್ಲಿ ಬೇರೆ ಕೆಲಸ ಇರಲಿಲ್ಲ. ಅವರು ಎದ್ದು ಹೋಗಿ, ಗನ್ನಿನ ಮೂತಿ ಬಿಚ್ಚಿ ಒರೆಸತೊಡಗಿದರು.

ಅದೇ ತಿಂಗಳು ಬೆಂಗಳೂರಿನ ಇಂಜಿನ್ ಕಂಪನಿಯೊಂದರಿಂದ ಫಾತಿಮಾ ಮೇಡಂ ಬಂದರು. ಮೂವತ್ತೈದರ ಆಸುಪಾಸು, ತೆಳ್ಳಗೆ, ಮಾತು ನಿಧಾನ. ಅವರ ಇಂಜಿನ್ನಿನೊಳಗೆ ಗಾಳಿ ತಳ್ಳುವ ಚಕ್ರ ಇರುತ್ತದೆ. ಅದರ ಸುತ್ತ ಎಲೆಯ ಆಕಾರದ ಲೋಹದ ಬ್ಲೇಡುಗಳು. ಗಾಳಿಯ ಹೊಡೆತಕ್ಕೆ ಅವು ನಡುಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನಡುಕ, ಆದರೆ ಬಿಡುವಿಲ್ಲದ ನಡುಕ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಿದ್ದರೆ ಒಂದು ಹೊತ್ತಿಗೆ ಪಟ್ಟನೆ ಮುರಿಯುತ್ತದಲ್ಲ, ಹಾಗೆ ಬ್ಲೇಡು ಬುಡದಲ್ಲಿ ಬಿರುಕು ಬಿಡುತ್ತದೆ. ನಡುಕ ತಡೆಯಲು ರಬ್ಬರು ಅಂಟಿಸೋಣ ಎಂದರೆ ಆ ಕಾವಿಗೆ ಅದು ನಿಲ್ಲುವುದಿಲ್ಲ. ಅದಕ್ಕೆ ಪಿಂಗಾಣಿಯಂಥ ಗಟ್ಟಿ ಲೇಪವನ್ನೇ ತೆಳ್ಳಗೆ ಹೊಡೆದು ನಡುಕ ತಗ್ಗಿಸಬಹುದೇ ಎಂದು ನೋಡಬೇಕಿತ್ತು.

ಗಟ್ಟಿಯಾದದ್ದು ನಡುಕವನ್ನು ಹೇಗೆ ನುಂಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಮೇಡಂ ಸುತ್ತ ನೋಡಿ, ನನ್ನ ಊಟದ ಡಬ್ಬಿಯ ಪಕ್ಕ ಇದ್ದ ಹಪ್ಪಳದ ಕಟ್ಟನ್ನು ಎತ್ತಿಕೊಂಡರು. ಪಕ್ಕದ ಮನೆಯವರಿಗೆಂದು ಕವಲಂದೆಯ ನನ್ನ ತವರಿನಿಂದ ತಂದಿದ್ದ ಹಪ್ಪಳ. ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟಿದರು, ಕಿಣಿ ಎಂಬ ಸದ್ದು ಎಳೆದುಕೊಂಡು ಹೋಯಿತು. ಹಪ್ಪಳದ ಕಟ್ಟನ್ನು ತಟ್ಟಿದರು, ದಪ್ಪನೆಯ ಸದ್ದು ಅಲ್ಲೇ ಸತ್ತಿತು. ಒಂದೊಂದು ಹಪ್ಪಳವೂ ಗಟ್ಟಿಯೇ, ಆದರೆ ಒಂದರ ಮೇಲೊಂದು ಕೂತು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಆ ಉಜ್ಜುವುದರಲ್ಲೇ ಅಲುಗಾಟ ಕರಗುತ್ತದೆ ಎಂದರು. ಲೇಪವೂ ಹಾಗೇ. ಕರಗಿದ ಹನಿಗಳು ಬಂದು ಚಪ್ಪಟೆಯಾಗಿ ಒಂದರ ಮೇಲೊಂದು ಕೂರುತ್ತವೆ.

ಹನ್ನೆರಡು ಬ್ಲೇಡು, ಒಂದು ಲೇಸರ್ ಪೆಟ್ಟಿಗೆ, ಒಂದು ಲ್ಯಾಪ್‌ಟಾಪು ಬಿಟ್ಟುಹೋದರು. ಬ್ಲೇಡಿನ ಬುಡವನ್ನು ವೈಸಿಗೆ, ಎಂದರೆ ಮೇಜಿಗೆ ಬಿಗಿದ ಕಬ್ಬಿಣದ ಹಿಡಿಕಟ್ಟಿಗೆ, ಕಚ್ಚಿಸಬೇಕು. ದಾರಕ್ಕೆ ನೇತುಹಾಕಿದ ಪುಟ್ಟ ಸುತ್ತಿಗೆಯನ್ನು ಹಿಂದಿನ ಗುರುತುಗಳಲ್ಲಿ ಮೊದಲನೆಯದರ ತನಕ ಎಳೆದು ಬಿಟ್ಟರೆ ಅದು ಬ್ಲೇಡಿಗೆ ತಾಗುತ್ತದೆ. ಬ್ಲೇಡಿನ ತುದಿಯ ಮೇಲೆ ಲೇಸರಿನ ಕೆಂಪು ಚುಕ್ಕಿ. ನಡುಕ ಅಡಗುವ ತನಕ ಲ್ಯಾಪ್‌ಟಾಪು ಗೆರೆ ಬರೆಯುತ್ತದೆ. ನಾನು ಗೆರೆಯ ಜೊತೆಗೆ ಬಾಯಲ್ಲೂ ಎಣಿಸುತ್ತಿದ್ದೆ. ಬೋಳು ಬ್ಲೇಡು, ಎಂದರೆ ಲೇಪವಿಲ್ಲದ್ದು, ಹನ್ನೊಂದು ಎಣಿಸುವ ತನಕ ನಡುಗುತ್ತಿತ್ತು. ಲೇಪ ಹಾಕಿದ್ದು ಏಳಕ್ಕೆ ಸುಮ್ಮನಾದರೆ ಕೆಲಸ ನಮ್ಮದು. ಏಳು ಎಂಬುದು ಆ ಮಳೆಗಾಲದ ನಮ್ಮ ಅಂಕೆ.

ಮೊದಲ ವಾರವೇ ತೊಡಕು. ನಂಜನಗೂಡಿನ ಶೆಡ್ಡಿನಲ್ಲಿ ಲಾರಿ ಹೋದರೆ ಗೆರೆ ಕುಣಿಯುತ್ತಿತ್ತು, ರೈಲು ಹೋದರೆ ಇನ್ನೂ ಕುಣಿಯುತ್ತಿತ್ತು. ಪಕ್ಕದ ಶೆಡ್ಡಿನವರು ಪ್ರೆಸ್ಸು ಒತ್ತಿದಾಗಲಂತೂ ಬ್ಲೇಡಿಗೆ ಸುತ್ತಿಗೆಯೇ ಬೇಕಿರಲಿಲ್ಲ. ಸದ್ದಿಲ್ಲದ ಜಾಗ ಬೇಕು ಎಂದಾಗ ಮಾದಯ್ಯಣ್ಣ ತಮ್ಮ ಹುಳುಮನೆಯ ಮಾತೆತ್ತಿದರು. ತಿರುಮಕೂಡಲು ನರಸೀಪುರದಿಂದ ಸೋಮನಾಥಪುರದ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಮೂರು ವರ್ಷದಿಂದ ಹುಳು ಸಾಕುವುದನ್ನು ಬಿಟ್ಟಿದ್ದರು. ದಪ್ಪ ಗೋಡೆ, ಕಲ್ಲುಚಪ್ಪಡಿಯ ನೆಲ, ಸುತ್ತ ಗದ್ದೆ. "ಅಲ್ಲಿ ಹುಳ ಸೊಪ್ಪು ತಿನ್ನೋದೇ ದೊಡ್ಡ ಸದ್ದು ಕಣವ್ವ," ಎಂದರು.

ಹೀಗೆ ನನ್ನ ತಿರುಗಾಟ ಶುರುವಾಯಿತು. ಮಾದಯ್ಯಣ್ಣ ವಾರದ ದಿನಗಳಲ್ಲಿ ನಂಜನಗೂಡಿನ ರೂಮಿನಲ್ಲಿದ್ದು ಲೇಪ ಹೊಡೆಯುವುದು, ನಾನು ಅದನ್ನು ಒಯ್ದು ಅವರೂರಲ್ಲಿ ಪರೀಕ್ಷೆ ಮಾಡುವುದು. ಬ್ಲೇಡುಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಉದ್ದ ಡಬ್ಬಿಯಲ್ಲಿಟ್ಟು, ಬೆಳಿಗ್ಗೆ ಏಳೂವರೆಗೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನೂಕುನುಗ್ಗಲು. ಕೂರಲು ಸೀಟು ಸಿಕ್ಕಿದರೆ ಅಂದು ಹಬ್ಬ. ಡಬ್ಬಿಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದು ಕೂತಿರುತ್ತಿದ್ದೆ. ಕಂಡಕ್ಟರೊಬ್ಬ ದಿನಾ ನೋಡಿ ನೋಡಿ, ಅಮ್ಮ ಯಾರಿಗೆ ಇಷ್ಟು ಜೋಪಾನವಾಗಿ ಊಟ ಒಯ್ತೀರಿ ಅಂದ. ಇಂಜಿನ್ನಿಗೆ ಅಂದೆ. ಅವನು ಆಮೇಲೆ ಕೇಳಲಿಲ್ಲ.

ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು. ಆ ವರ್ಷ ಮಳೆ ಚೆನ್ನಾಗಿತ್ತು. ಎರಡು ಹೊಳೆಗಳೂ ಕೆಂಪಗೆ ತುಂಬಿ ಬಂದು ಕೂಡುವಲ್ಲಿ, ಸೇತುವೆಯ ಮೇಲೆ ಬಸ್ಸು ನಿಧಾನಿಸಿದಾಗ ಜನರೆಲ್ಲ ಒಂದೇ ಕಡೆ ಬಾಗಿ ನೋಡುತ್ತಿದ್ದರು. ನಾಲೆಯ ಪಕ್ಕದ ಗದ್ದೆಗಳಲ್ಲಿ ನಾಟಿ. ಹುಳುಮನೆಯ ಬಾಗಿಲು ತೆಗೆದರೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯ ವಾಸನೆ. ಹುಳು ಬಿಟ್ಟು ಮೂರು ವರ್ಷವಾದರೂ ಗೋಡೆ ಅದನ್ನು ಬಿಟ್ಟಿರಲಿಲ್ಲ.

ಬೀಗದ ಕೈ ಮಾದಯ್ಯಣ್ಣನ ಹೆಂಡತಿ ಪುಟ್ಟತಾಯಕ್ಕನ ಹತ್ತಿರ. ನಾನು ಹೋಗುವ ಹೊತ್ತಿಗೆ ಅವರು ಕಸ ಗುಡಿಸಿ, ಒಂದು ಚೊಂಬು ನೀರಿಟ್ಟಿರುತ್ತಿದ್ದರು. ಪರೀಕ್ಷೆ ನಡೆಯುವಾಗ ಕಿಟಕಿ ಮುಚ್ಚಿ ಕತ್ತಲು ಮಾಡಬೇಕು, ಯಾರೂ ನಡೆದಾಡಬಾರದು. ಅವರು ಹೊಸಿಲ ಆಚೆ ಕೂತು ಸೊಪ್ಪು ಬಿಡಿಸುತ್ತಾ, ನಾನು ಎಣಿಸುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಒಂಬತ್ತು, ಹತ್ತು ಎಂದು ನನ್ನ ದನಿ ಹೋಗುತ್ತಿದ್ದ ಹಾಗೆ ಅವರ ಕೈ ನಿಲ್ಲುತ್ತಿತ್ತು. ಅವರಿಗೆ ಇಂಜಿನ್ನು ಗೊತ್ತಿಲ್ಲ. ಏಳು ಗೊತ್ತಿತ್ತು. ಮಧ್ಯಾಹ್ನ ಮುದ್ದೆ ಮತ್ತು ಉಪ್ಸಾರು ತಿನ್ನದೆ ಹೋಗಲು ಬಿಡುತ್ತಿರಲಿಲ್ಲ.

ಮೊದಲ ನಾಲ್ಕು ಬ್ಲೇಡು ಮಾದಯ್ಯಣ್ಣ ತಮ್ಮ ಜೀವಮಾನದ ಕಸುಬೆಲ್ಲ ಹಾಕಿ ಹೊಡೆದವು. ಸೂಜಿ ಮೊನೆ ತೂರದಷ್ಟು ಗಟ್ಟಿ, ನುಣುಪು. ಅವು ಹತ್ತರ ತನಕ ನಡುಗಿದವು. ಫೋನಿನಲ್ಲಿ ಮೇಡಂಗೆ ಹೇಳಿದಾಗ, ಲೇಪ ಅತಿ ಒಳ್ಳೆಯದಾಗಿದೆ, ಅದೇ ತೊಂದರೆ ಎಂದರು. ಹನಿಗಳು ಒಂದಕ್ಕೊಂದು ಪೂರ್ತಿ ಬೆಸೆದುಕೊಂಡರೆ ಉಜ್ಜಲು ಜಾಗವೇ ಇರುವುದಿಲ್ಲ. ಸ್ವಲ್ಪ ಬಿಡಿಬಿಡಿಯಾಗಿ ಕೂರಬೇಕು, ಆದರೆ ಉದುರಬಾರದು.

ಮಾದಯ್ಯಣ್ಣನಿಗೆ ಇದು ಅವಮಾನವಾಯಿತು. ಮೂವತ್ತು ವರ್ಷ ಸಂದಿಲ್ಲದೆ ಹೊಡಿ ಅಂದರು, ಈಗ ಸಂದಿ ಇಟ್ಟು ಹೊಡಿ ಅಂತಾರೆ, ಅರೆಬೆಂದ ಅನ್ನ ಬಡಿಸೋಕೆ ನಾನು ಬರಬೇಕಾ ಎಂದು ಎರಡು ದಿನ ಗನ್ನು ಮುಟ್ಟಲಿಲ್ಲ. ಮೂರನೆಯ ದಿನ ನಾನು ಹೋದಾಗ ಬೂತಿನಲ್ಲಿ ಒಬ್ಬರೇ ತಗಡಿನ ಚೂರುಗಳ ಮೇಲೆ ಹೊಡೆದು ಹೊಡೆದು ನೋಡುತ್ತಿದ್ದರು. ಗನ್ನನ್ನು ಒಂದು ಗೇಣು ಹಿಂದಿಟ್ಟು, ಬೆಂಕಿ ತಗ್ಗಿಸಿ, ಕೈಯ ಓಟ ಬದಲಿಸಿ. ಮಳೆಗಾಲಕ್ಕೆ ಪುಡಿ ಶೀತ ಕುಡಿದು ಗಂಟುಕಟ್ಟುತ್ತಿತ್ತು. ಅದನ್ನು ಓವನ್ನಿನಲ್ಲಿ ಒಣಗಿಸಿ, ರಾಗಿಹಿಟ್ಟು ನೋಡುವ ಹಾಗೆ ಎರಡು ಬೆರಳಲ್ಲಿ ಉಜ್ಜಿ ನೋಡಿ, ಆಮೇಲೇ ಗನ್ನಿಗೆ ತುಂಬುತ್ತಿದ್ದರು. ಶ್ರಾವಣ ಕಳೆದು ಭಾದ್ರಪದ ಬರುವ ಹೊತ್ತಿಗೆ ಒಂಬತ್ತೂವರೆಗೆ ಬಂದೆವು. ಆಮೇಲೆ ಒಂಬತ್ತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಏಳು ದೂರದ ಊರಾಗಿಯೇ ಉಳಿಯಿತು.

ಅಷ್ಟರಲ್ಲಿ ನರಸೀಪುರದ ಅಕ್ಕಿ ಗಿರಣಿಯೊಂದರಿಂದ ಮಾದಯ್ಯಣ್ಣನಿಗೆ ವಾಚ್‌ಮನ್ ಕೆಲಸಕ್ಕೆ ಕರೆ ಬಂದಿತ್ತು. ದಸರಾ ಮುಗಿದ ವಾರದೊಳಗೆ ಹೇಳಬೇಕು ಎಂದಿದ್ದರು. ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರಬಹುದು. ಕೂತು ಸಂಬಳ ತಗಳ್ಳೋದಕ್ಕೆ ನೋವೇನು ಎಂದು ಅವರೇ ನಗುತ್ತಿದ್ದರು. ಆದರೆ ಗನ್ನಿನ ಕಪ್ಪು ಕನ್ನಡಕ ತೆಗೆದಿಡುವಾಗ ಅದನ್ನು ಬಟ್ಟೆಯಲ್ಲಿ ಎರಡೆರಡು ಸುತ್ತು ಸುತ್ತುತ್ತಿದ್ದರು.

ಆಯುಧಪೂಜೆ ಬಂತು. ಬೆಳಿಗ್ಗೆಯೇ ನರಸೀಪುರದ ಕಡೆ ಹೋಗಿ, ಪರೀಕ್ಷೆಯ ಮೇಜು ಒರೆಸಿ, ವೈಸಿನ ಹೊರಮೈಗೆ ಕುಂಕುಮದ ಬೊಟ್ಟಿಟ್ಟು, ಲ್ಯಾಪ್‌ಟಾಪಿಗೆ ಒಂದೆಳೆ ಸೇವಂತಿಗೆ ಹಾಕಿ, ಬೀಗದ ಕೈಯನ್ನು ಪುಟ್ಟತಾಯಕ್ಕನಿಗೆ ಕೊಟ್ಟು, ವರ್ಕ್‌ಶಾಪಿನ ಪೂಜೆಗೆ ನಂಜನಗೂಡಿಗೆ ವಾಪಸ್ಸು ಬಂದೆ. ಮಾದಯ್ಯಣ್ಣ ಪೂಜೆಯವರಲ್ಲ. ಅವರ ಮನೆಯಲ್ಲಿ ಗೋಡೆಯ ಮೇಲಿರುವುದು ಬುದ್ಧನ ಪಟ ಒಂದೇ. ಆಯುಧಕ್ಕೆ ಎಣ್ಣೆ ಬೇಕು, ಕುಂಕುಮ ಯಾಕೆ ಅನ್ನುವವರು. ಆದರೂ ನಾವು ಮಾಡುವಾಗ ಕೈಕಟ್ಟಿ ನಿಂತಿದ್ದು, ಕಡಲೆಪುರಿ ತೆಗೆದುಕೊಂಡು ಹೋಗುತ್ತಿದ್ದರು.

ವಿಜಯದಶಮಿಯ ಮಾರನೆಯ ದಿನ ಹೊಸದಾಗಿ ಹೊಡೆದ ಐದು ಬ್ಲೇಡು ಒಯ್ದೆ. ಪ್ರತಿ ಸಲ ಶುರುವಿಗೆ ಎರಡು ಕೆಲಸ ಕಡ್ಡಾಯ. ವೈಸಿನ ಬಾಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಮೊದಲು ಬೋಳು ಬ್ಲೇಡು ಕಚ್ಚಿಸಿ ಹನ್ನೊಂದು ಬರುತ್ತದೋ ನೋಡಬೇಕು. ಆ ದಿನ ಎರಡನ್ನೂ ಬಿಟ್ಟೆ. ಪೂಜೆ ಮಾಡಿದ ಆಯುಧವನ್ನು ಇಷ್ಟು ಬೇಗ ಒರೆಸಬಾರದು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಕೈಯನ್ನು ಹಿಡಿಯಿತು. ಒರೆಸಿಲ್ಲ ಅಂದಮೇಲೆ ಬೋಳು ಬ್ಲೇಡನ್ನೂ ನಾಳೆ ನೋಡಿದರಾಯಿತು ಅನ್ನಿಸಿತು. ಕಿಟಕಿ ಮುಚ್ಚಿ, ಕತ್ತಲಲ್ಲಿ ಕಚ್ಚಿಸಿ, ಸುತ್ತಿಗೆ ಬಿಟ್ಟೆ. ನಾಲ್ಕು, ಐದು, ಆರು. ಆರೂವರೆಗೆ ಗೆರೆ ಮಲಗಿತು. ಎರಡನೆಯದು ಆರು. ಐದೂ ಏಳರೊಳಗೆ. ಹೊಸಿಲ ಆಚೆ ಪುಟ್ಟತಾಯಕ್ಕ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಎದ್ದು ನಿಂತಿದ್ದರು.

ಆ ಸಂಜೆ ಶಿವಮಲ್ಲಪ್ಪನವರು ಮೈಸೂರುಪಾಕು ತರಿಸಿದರು. ಕಂಪನಿಗೆ ವಿವರ ಕಳಿಸಿಯಾಯಿತು. ಕಾರ್ತಿಕಕ್ಕೆ ಮುಂಚೆಯೇ ಮೇಡಂ ಬಂದು ನೋಡಿ ಕೆಲಸ ಗೊತ್ತುಮಾಡುತ್ತಾರೆ ಎಂದು ಉತ್ತರವೂ ಬಂತು. ಮಾದಯ್ಯಣ್ಣ ಗಿರಣಿಗೆ ಫೋನು ಮಾಡಿ, ಬರಲ್ಲ ಸಾ, ಬೇರೆಯವರನ್ನು ನೋಡ್ಕಳಿ ಅಂದುಬಿಟ್ಟರು. ಅವತ್ತು ಊರಿನ ಬಸ್ಸಿಗೆ ಹೋಗುವಾಗ ಅವರ ನಡಿಗೆಯೇ ಬೇರೆಯಾಗಿತ್ತು.

ಸೋಮವಾರ ನಾನೊಬ್ಬಳೇ ಹೋದೆ. ನೋಟ್‌ಬುಕ್ಕಿನಲ್ಲಿ ಬೋಳು ಬ್ಲೇಡಿನ ಸಾಲು ಖಾಲಿ ಇತ್ತು. ಖಾಲಿ ಸಾಲು ನನಗೆ ಬಟ್ಟೆಗೆ ಅಂಟಿದ ಮುಳ್ಳಿನ ಹಾಗೆ. ಕಚ್ಚಿಸಿ ನೋಡಿದೆ. ಹನ್ನೊಂದು ಬರಬೇಕಾದದ್ದು ಎಂಟಕ್ಕೆ ನಿಂತಿತು. ಇನ್ನೊಂದು ಸಲ. ಎಂಟೇ. ಲೇಪವೇ ಇಲ್ಲದ ಬ್ಲೇಡು ಎಂಟಕ್ಕೆ ಸುಮ್ಮನಾಗಬೇಕಾದರೆ ನಡುಕ ಬೇರೆಲ್ಲೋ ಸೋರುತ್ತಿದೆ ಎಂದರ್ಥ. ಕಿಟಕಿ ತೆಗೆದು ವೈಸಿನ ಬಾಯಿಗೆ ಟಾರ್ಚು ಬಿಟ್ಟೆ. ಎರಡೂ ಕಡೆ, ಒಳಗೆ, ತೆಳ್ಳಗೆ ಮಾಸಲು ಬಣ್ಣದ ಪದರ ಒಣಗಿ ಕೂತಿತ್ತು. ಬ್ಲೇಡಿನ ಬುಡ ಕಬ್ಬಿಣಕ್ಕೆ ಕಚ್ಚಿಕೊಂಡಿರಲಿಲ್ಲ, ಆ ಪದರಕ್ಕೆ ಉಜ್ಜಿಕೊಳ್ಳುತ್ತಿತ್ತು. ನಾವು ಸಿಹಿ ಹಂಚಿದ್ದು ಅದರ ಲೆಕ್ಕಕ್ಕೆ.

ನಾನು ಬೊಟ್ಟಿಟ್ಟದ್ದು ಹೊರಗೆ. ಒಳಗೆ ಹೇಗೆ ಬಂತು ಎಂದು ಹೊಳೆಯಲಿಲ್ಲ. ಆದರೆ ಒರೆಸದೆ ಬಿಟ್ಟವಳು ನಾನೇ. ಟಾರ್ಚು ಆರಿಸಿ ಬಾಗಿಲು ಹಾಕಿದೆ. ಏನೂ ಮುಟ್ಟದೆ ಹಾಗೇ ಬಿಟ್ಟರೆ ಮೇಡಂ ಬಂದಾಗಲೂ ಆರೂವರೆಯೇ ಬರುತ್ತದೆ. ಯಾರಿಗೂ ತಿಳಿಯುವುದಿಲ್ಲ. ಮಾದಯ್ಯಣ್ಣ ಗಿರಣಿಯ ಕೆಲಸ ಬಿಟ್ಟಾಗಿದೆ. ಈ ಯೋಚನೆ ನನಗೆ ಬಂದದ್ದು ನಿಜ, ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ಬಂದು ಅಡುಗೆ ಮಾಡಿದೆ, ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ನಮ್ಮನೆಯವರು ಒಂದು ತುತ್ತು ತಿಂದು ನನ್ನ ಮುಖ ನೋಡಿ, ಮಜ್ಜಿಗೆ ಹಾಕಿಕೊಂಡರು.

ಮಾರನೆಯ ದಿನ ಮಾದಯ್ಯಣ್ಣನನ್ನು ಜೊತೆಗೆ ಕರೆದುಕೊಂಡು ಹೋದೆ. ಬೋಳು ಬ್ಲೇಡು ಎಂಟಕ್ಕೆ ನಿಂತದ್ದನ್ನು ತೋರಿಸಿದೆ, ಆಮೇಲೆ ವೈಸಿನ ಬಾಯಿ ತೋರಿಸಿದೆ. ಅವರು ಉಗುರಿನಿಂದ ಕೆರೆದು, ಮೂಗಿನ ಹತ್ತಿರ ಹಿಡಿದರು.

"ಗಂಧ," ಎಂದರು.

ಹಾಗೇ ಚಪ್ಪಡಿಯ ಮೇಲೆ ಕೂತರು. ಮನೆಯ ಕಡೆ ಒಂದು ಸಲ ನೋಡಿದರು. ಹಬ್ಬದ ದಿನ ಅವರು ಮನೆಗೆ ಬಂದಾಗ ಹಿತ್ತಲಲ್ಲಿ ಸಾಣೆಕಲ್ಲು ತೊಳೆದು ಒಣಗಲು ಇಟ್ಟಿತ್ತಂತೆ. ಇಪ್ಪತ್ತು ವರ್ಷದಿಂದ ಹೊರಗೆ ತೆಗೆಯದ ಸಾಣೆಕಲ್ಲು.

"ನಮ್ಮೋಳು," ಎಂದರು. ದನಿಯಲ್ಲಿ ಕೋಪ ಇರಲಿಲ್ಲ. "ನಾ ಗುಡಿ ಕಡೆ ಓಗಾಕಿಲ್ಲ ಅಂತ, ನಂಗೋಸ್ಕರ ಅವ್ಳೇ ತೇಯ್ದವ್ಳೆ."

ಒರೆಸದೆ ಬಿಟ್ಟದ್ದು ನನ್ನ ತಪ್ಪು ಎಂದೆ. ಅವರು ಸ್ಪಿರಿಟ್ ಬಾಟಲಿಯನ್ನು ನನ್ನ ಕಡೆ ತಳ್ಳಿದರು.

"ಒರ್ಸು."

"ಒರೆಸಿದರೆ ಏಳು ಹೋಗುತ್ತೆ ಮಾದಯ್ಯಣ್ಣ. ಗಿರಣೀಲೂ ಬೇಡ ಅಂದಿದ್ದೀರಿ."

"ಒರ್ಸವ್ವ. ನಮ್ ಕೆಲ್ಸ ಎಷ್ಟದೆ ಅಂತ ಮೊದ್ಲು ನಮಗಾರ ಗೊತ್ತಾಗ್ಲಿ. ಇಂಜನ್ ಒಳಿಕ್ಕೆ ನಮ್ ಗಂಧ ಓಗಾಕಿಲ್ವಲ್ಲ."

ಒರೆಸಿದೆ. ಬೋಳು ಬ್ಲೇಡು ಹನ್ನೊಂದಕ್ಕೆ ಹೋಯಿತು. ಲೇಪದ ಐದೂ ಎಂಟೂವರೆಯಿಂದ ಒಂಬತ್ತರ ನಡುವೆ. ಎಲ್ಲವನ್ನೂ ಬರೆದೆ, ವೈಸಿನ ಬಾಯಿಯಲ್ಲಿ ಒಣಗಿದ ಗಂಧ ಇತ್ತು ಎಂಬುದನ್ನೂ. ಯಾರ ಗಂಧ ಎಂದು ಬರೆಯಲಿಲ್ಲ. ಹೊರಡುವಾಗ ಮಾದಯ್ಯಣ್ಣ ಬಾಗಿಲ ಹತ್ತಿರ ನಿಂತು, ಇದನ್ನು ಅವಳಿಗೆ ಹೇಳಬೇಡ, ಜೀವ ಇರೋಗಂಟ ಕೊರಗ್ತಾಳೆ ಎಂದರು. ನಾನು ಆಯ್ತು ಎಂದೆ.

ಶಿವಮಲ್ಲಪ್ಪನವರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬುಕ್ಕಿಗೆ ಬರೆದಿದ್ದೀರಾ ಎಂದು ಕೇಳಿದರು. ಬರೆದಿದ್ದೇನೆ ಅಂದೆ. "ಬರೆದಮೇಲೆ ಮುಗೀತು ಬಿಡಿ ಸುಶೀಲಮ್ಮ," ಎಂದು ಅವರೇ ಮೇಡಂಗೆ ಫೋನು ಮಾಡಿದರು. ನಾನು ಹೊರಗೆ ಬಂದು ನಿಂತೆ. ಒಳಗಿಂದ ಅವರ ದನಿ, ಹೌದು ಮೇಡಂ, ತಪ್ಪಾಯ್ತು ಮೇಡಂ, ಗಂಧ ಮೇಡಂ, ಪೂಜೆಗೆ ತೇಯೋ ಗಂಧ, ಎಂದು ಬಿಡಿಸಿ ಬಿಡಿಸಿ ಹೇಳುವುದು ಕೇಳಿಸುತ್ತಿತ್ತು.

ಎರಡು ದಿನ ಬಿಟ್ಟು ಮೇಡಂ ಸೀದಾ ಹುಳುಮನೆಗೇ ಬಂದರು. ಜಿಟಿಜಿಟಿ ಮಳೆ. ಚಪ್ಪಲಿ ಹೊರಗೆ ಬಿಟ್ಟು ಬಂದು, ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದತೊಡಗಿದರು. ಮಾದಯ್ಯಣ್ಣ ಗೋಡೆಗೊರಗಿ ನಿಂತಿದ್ದರು. ಓದಿ ಮುಗಿದಮೇಲೆ ವೈಸು ಒರೆಸಿಸಿ ಐದನ್ನೂ ಮತ್ತೆ ಮಾಡಿಸಿದರು. ಎಂಟೂವರೆ, ಒಂಬತ್ತು, ಎಂಟೂವರೆ. ಮೇಡಂ ಬರೆದುಕೊಂಡರು. ನಾನು ಬ್ಲೇಡುಗಳನ್ನು ಪಂಚೆಯ ತುಂಡಿನಲ್ಲಿ ಸುತ್ತಲು ಶುರುಮಾಡಿದೆ.

ಆಗ ಮಾದಯ್ಯಣ್ಣ ಕೇಳಿದರು. "ಮೇಡಂ, ಒಂದ್ ಮಾತು. ಇಂಜನ್ ಒಳಗೂ ಗಾಳಿ ಇಷ್ಟೇ ಮೆತ್ತಗೆ ತಟ್ತದಾ?"

ಮೇಡಂ ತಲೆಯೆತ್ತಿ ನೋಡಿದರು. ಸುತ್ತಿಗೆಯ ಹಿಂದೆ ನಾಲ್ಕು ಗುರುತುಗಳಿದ್ದವು. ಬ್ಲೇಡಿಗೆ ಪೆಟ್ಟಾದೀತು ಎಂಬ ಅಂಜಿಕೆಗೆ ನಾವು ಮೊದಲಿನಿಂದಲೂ ಒಂದನೆಯ ಗುರುತಿನಿಂದಲೇ ಬಿಡುತ್ತಿದ್ದೆವು. ಕಂಪನಿ ಕೊಟ್ಟ ಕಾಗದದಲ್ಲಿ ಇದ್ದದ್ದೂ ಅಷ್ಟೇ. ಇಲ್ಲ, ಒಳಗೆ ಇನ್ನೂ ಜೋರು ಎಂದರು. ನನ್ನ ಕಡೆ ತಿರುಗಿ, ಎರಡನೇ ಗುರುತಿನಿಂದ ಬಿಡಿ ಎಂದರು.

ಎರಡನೆಯದರಿಂದ ಬಿಟ್ಟೆ. ಪೆಟ್ಟು ಜೋರಾದರೆ ನಡುಕ ಇನ್ನೂ ಹೊತ್ತು ಇರುತ್ತದೆ ಎಂದುಕೊಂಡಿದ್ದೆ. ಎಂಟಕ್ಕೆ ನಿಂತಿತು. ಮೂರನೆಯದರಿಂದ ಏಳೂವರೆ. ಮೇಡಂ ಕುರ್ಚಿಯನ್ನು ಎಳೆದುಕೊಂಡು ಲ್ಯಾಪ್‌ಟಾಪಿನ ಹತ್ತಿರ ಕೂತರು. ನಾಲ್ಕನೆಯ ಗುರುತಿನಿಂದಲೂ ಬಿಟ್ಟೆ. ಐದರಲ್ಲಿ ಎರಡು ಬ್ಲೇಡು ಏಳಕ್ಕೆ ಸುಮ್ಮನಾದವು. ಬೋಳು ಬ್ಲೇಡು ಎಷ್ಟು ಜೋರಾಗಿ ಹೊಡೆದರೂ ಹನ್ನೊಂದೇ. ಜೋರಾಗಿ ಅಲುಗಿದಷ್ಟೂ ಹನಿಗಳು ಹೆಚ್ಚು ಉಜ್ಜಿಕೊಳ್ಳುತ್ತವೆ, ಹೆಚ್ಚು ನುಂಗುತ್ತವೆ ಎಂದು ಮೇಡಂ ಮೆಲ್ಲಗೆ, ಅರ್ಧ ತಮಗೇ ಎಂಬಂತೆ ಹೇಳಿದರು. ಬ್ಲೇಡನ್ನು ಮಾದಯ್ಯಣ್ಣನ ಕೈಗೆ ಕೊಟ್ಟು, ಇದರ ಮೇಲೆ ಗನ್ನು ಎಷ್ಟು ದೂರ ಇಟ್ಟಿದ್ರಿ, ಪೂರ್ತಿ ಹೇಳಿ ಎಂದು ಪೆನ್ನು ತೆಗೆದರು. ಇಬ್ಬರೂ ಒಂದು ಗಂಟೆ ಹೊತ್ತು ಮಾತಾಡಿದರು. ಮೂವತ್ತು ವರ್ಷದಲ್ಲಿ ಮಾದಯ್ಯಣ್ಣನ ಕಸುಬನ್ನು ಯಾರಾದರೂ ಬರೆದುಕೊಂಡದ್ದು ಅವತ್ತೇ ಮೊದಲು ಇರಬೇಕು.

ಕಂಪನಿಯ ಕಾಗದದಲ್ಲಿದ್ದ ಶರತ್ತು, ಒಂದನೆಯ ಗುರುತಿನಿಂದಲೇ ಏಳು, ನಮಗೆ ದಕ್ಕಲಿಲ್ಲ. ಅದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ ಎಂದು ಮೇಡಂ ಹೋಗುವಾಗಲೇ ಹೇಳಿದ್ದರು. ದೊಡ್ಡ ಕೆಲಸ ಬರಲಿಲ್ಲ. ಆದರೆ ದೀಪಾವಳಿಗೆ ನಾಲ್ಕು ದಿನ ಇರುವಾಗ ಒಂದು ಪೆಟ್ಟಿಗೆ ಬಂತು. ಇಪ್ಪತ್ತನಾಲ್ಕು ಬ್ಲೇಡು. ನಾಲ್ಕು ಗುರುತಿನಿಂದಲೂ ಪರೀಕ್ಷೆ ಮಾಡಬೇಕು, ಇದೇ ಕೈ ಲೇಪ ಹೊಡೆಯಬೇಕು, ಇನ್ನೊಂದು ವರ್ಷ ಈ ಪ್ರಯೋಗ ನಡೆಯುತ್ತದೆ ಎಂದು ಚೀಟಿ. ಶಿವಮಲ್ಲಪ್ಪನವರು ಬೂತು ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ. ಆ ವರ್ಷ ಮುಗಿದಮೇಲೆ ಇನ್ನೊಂದು ಪೆಟ್ಟಿಗೆ ಬಂತು. ಮಾದಯ್ಯಣ್ಣ ಈಗಲೂ ಗನ್ನು ಹಿಡಿಯುತ್ತಾರೆ, ಕಣ್ಣು ಸ್ವಲ್ಪ ಮಂಜಾಗಿದೆ ಅಷ್ಟೇ.

ಆ ಮಳೆಗಾಲಕ್ಕೆ ನಾನು ಯಾವತ್ತೂ ಋಣಿ. ಬಾಯಿ ಮುಚ್ಚಿಕೊಂಡಿರುವ ಯೋಚನೆ ಬಂದಿದ್ದ ನನ್ನ ಕೈಗೆ, ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳಲಿದ್ದವರೇ ಸ್ಪಿರಿಟ್ ಬಾಟಲಿ ಕೊಟ್ಟರು. ಅವರಿಗೆ ಒಂದು ಸಲವೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ, ಇದನ್ನೂ ಬರ್ಕೊಂಡಿದ್ದೀಯಾ ಎಂದು ನಗುತ್ತಾರೆ.

ಆ ಕಾರ್ತಿಕದಲ್ಲೇ ಒಂದು ದಿನ, ಹೊಸ ಪೆಟ್ಟಿಗೆಯ ಮೊದಲ ಬ್ಲೇಡುಗಳನ್ನು ಪರೀಕ್ಷೆ ಮಾಡಿ, ಎಂದಿನಂತೆ ಪುಟ್ಟತಾಯಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅಂದು ಮಾದಯ್ಯಣ್ಣನೂ ಊರಲ್ಲಿದ್ದರು, ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು. ಪುಟ್ಟತಾಯಕ್ಕ ಆ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಸರಿದು, ದನಿ ತಗ್ಗಿಸಿ ಹೇಳಿದರು.

"ನಿಂಗೊಂದು ಯೋಳ್ತೀನಿ, ಯಾರ್ಗೂ ಯೋಳ್ಬ್ಯಾಡ. ಅಬ್ಬದ ದಿನ ನೀನು 'ಬೀಗದ್ ಕೈ ಇಟ್ಕಳಿ' ಅಂತ ಕೊಟ್ಟೋದ್ಯಲ್ಲ, ಆಗ ನಾನು ಒಳಿಕ್ಕೋಗಿ ಆ ವೈಸ್ಗೆ ಗಂಧ ಇಟ್ಟೆ. ಎಲ್ಲಾನೂ ಕಚ್ಕಂಡು ಇಡ್ಯೋದು ಅದೇ ಅಲ್ವಾ, ಒಳಗಡೀಕೂ ಚೆನ್ನಾಗ್ ಸವರ್ದೆ. ಅದುಕ್ಕೇ ಕಣವ್ವ ಇವರ ಕೆಲ್ಸ ಉಳ್ಕಂಡಿದ್ದು. ಅವರ್ಗ್ ಮಾತ್ರ ಯೋಳ್ಬುಟ್ಟೀಯ, ಜ್ವಾಕೆ. ಇವೆಲ್ಲ ಆಗಾಕಿಲ್ಲ ಅವರ್ಗೆ, ಬೇಜಾರ್ ಮಾಡ್ಕತ್ತರೆ."

ನಾನು ಹೇಳಲ್ಲ ಅಕ್ಕ ಅಂದೆ. ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ಪುಟ್ಟತಾಯಕ್ಕ ಸರಕ್ಕನೆ ಹಿಂದೆ ಸರಿದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ಮಾದಯ್ಯಣ್ಣ ಟವೆಲ್ಲಿನಲ್ಲಿ ಕೈ ಒರೆಸುತ್ತಾ ಒಳಗೆ ಬಂದು, ಹೆಂಡತಿಯ ಮುಖ ನೋಡಿ, ನನ್ನ ಮುಖ ನೋಡಿ, ಏನಿಬ್ರದೂ ಗುಟ್ಟು ಎಂದರು. ಅವರೇಕಾಳು ಇನ್ನೂ ಬಂದಿಲ್ಲವಲ್ಲ ಅಂತ ಮಾತಾಡ್ತಿದ್ದೆವು ಎಂದೆ. ಎರಡನೆಯ ಮುದ್ದೆಯನ್ನೂ ಪೂರ್ತಿ ತಿಂದೆ.